ಏಡಿ ಹಿಡಿದವನ ಚಿತ್ರ

ಮಿಂಚುಳ್ಳಿಯ ರೆಕ್ಕೆಗೆ ನೀಲಿ ಹಚ್ಚುತ್ತಿದ್ದ ದತ್ತಾತ್ರೇಯನ ಕೈ ನಿಂತಿತು. ಸ್ಟುಡಿಯೋದ ಬಾಗಿಲಲ್ಲಿ ಜಮಾದಾರ ಅಂಬಾರಾಯ ನಿಂತಿದ್ದ. ಹಿಂದೆ ಇಬ್ಬರು ಬಂದೂಕಿನವರು.

"ನಿನ ತಮ್ಮ ಎಲ್ಲದಾನೋ?"

"ಗೊತ್ತಿಲ್ರಿ ಸಾಹೇಬ್ರ. ಹಕ್ಕಿ ಫೋಟೋ ತೆಗಿಯಾಕ ಕೊಂಕಣದ ಕಡಿ ಹೋದಾಂವ ಹೊಳ್ಳಿ ಬಂದಿಲ್ರಿ."

ಅರ್ಧ ನಿಜ. ಕಡಲ ದಂಡೆಯ ಕೆಂಪು ಏಡಿ, ಮಿಂಚುಳ್ಳಿ, ಗುಲಾಬಿ ರಾಜಹಂಸಗಳ ಫೋಟೋ ತೆಗೆದು ತರುವವನು ತಮ್ಮ ವಿಠ್ಠಲ. ಆಳಂದದಲ್ಲಿ ಕೂತು ಆ ಕಪ್ಪು ಬಿಳುಪಿಗೆ ಬಣ್ಣ ತುಂಬುವವನು ಅಣ್ಣ. ಸೊಲ್ಲಾಪುರದ ಕ್ಯಾಲೆಂಡರಿನವರು ಕೊಳ್ಳುತ್ತಿದ್ದರು. ಆದರೆ ಸೊಲ್ಲಾಪುರ ಈಗ ಹಿಂದೂಸ್ತಾನದಲ್ಲಿತ್ತು, ಆಳಂದ ಇನ್ನೂ ನಿಜಾಮನ ಕೈಯಲ್ಲಿತ್ತು. ಹೋಗಿ ಬರುವ ದಾರಿಯಲ್ಲಿ ವಿಠ್ಠಲ ಗಡಿಯ ಕಾವಲು ನಾಕಾಗಳ ಫೋಟೋ ಕದ್ದು ತೆಗೆದು ನಿಜಾಮನ ವಿರುದ್ಧ ನಿಂತ ಆಚೆಯ ಶಿಬಿರದ ಹೋರಾಟಗಾರರಿಗೆ ಕೊಟ್ಟಿದ್ದ. ಸಿಕ್ಕರೆ ಗುಂಡು.

ಅಂಬಾರಾಯ ಗೋಡೆಯ ಮೇಲಿನ ರಾಜಹಂಸವನ್ನು ಮೂಗು ತಾಗಿಸುವಷ್ಟು ಹತ್ತಿರದಿಂದ ನೋಡಿದ.

"ಈ ಹಕ್ಕಿ ಖರೇನೂ ಇಷ್ಟು ಚಂದ ಇರ್ತದೇನೋ?"

"ಜರಾ ಸುಧಾರಸ್ತೇನ್ರಿ. ಗಿರಾಕಿಗೆ ಚಂದ ಬೇಕಲ್ರಿ."

ಮೂಲ ಫೋಟೋದಲ್ಲಿ ಆ ಹಕ್ಕಿಯ ಒಂದು ಕಾಲು ಮುರಿದಿತ್ತು. ದತ್ತಾತ್ರೇಯ ಜೋಡಿಸಿದ್ದ. ಹಿಂದೆ ಬಲೆ, ದೋಣಿ, ಕೊಳೆತ ಮೀನಿನ ರಾಶಿ ಇತ್ತು. ಎಲ್ಲ ಮಾಯ. ಸಮುದ್ರವನ್ನು ಒಮ್ಮೆಯೂ ಕಾಣದವನು ಸಮುದ್ರವನ್ನು ತಿದ್ದುತ್ತಿದ್ದ. ಅದರ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು.

"ನಾಳಿ ಮುಂಜಾನಿ ನಿನ ತಮ್ಮನ ಮಾರಿ ಫೋಟೋ ದೊಡ್ಡದ ಮಾಡಿ ಕೊಡು. ಎಲ್ಲಾ ನಾಕಾಕ್ಕೂ ಹಚ್ಚಬೇಕಾಗೇದ. ಕೊಡಲಿಲ್ಲಂದ್ರ ನಿಮ್ಮವ್ವನ್ನ ಹಾಸಿಗಿ ಸಮೇತ ಠಾಣೇಕ್ಕ ಒಯ್ತೇನಿ."

ಒಳಮನೆಯಲ್ಲಿ ತಾಯಿ ಉಮಾಬಾಯಿ ಕೆಮ್ಮಿದಳು. ಆ ಕೆಮ್ಮು ಶುರುವಾದರೆ ಬೇಗ ನಿಲ್ಲುತ್ತಿರಲಿಲ್ಲ.

ಅವರು ಹೋದ ಮೇಲೆ ದತ್ತಾತ್ರೇಯ ಒಂದು ಗಾಜಿನ ನೆಗೆಟಿವ್ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದ. ದಂಡೆಯ ಮೇಲೆ ವಿಠ್ಠಲ, ಕೈಯಲ್ಲಿ ಏಡಿ, ಬಾಯಿ ತುಂಬ ನಗು. ಗಾಳಿಗೆ ಹಾರುವ ಗುಂಗುರು ಕೂದಲು. ಮತ್ತೆ ಆ ಮೀಸೆ! ಮೀಸೆ ತೆಗೆ ಅಂದರೆ ತಲೆ ತೆಗಿ ಅನ್ನುವ ಪೈಕಿ ಅವನು. ಅಪ್ಪ ಹೋದಾಗ ಹಾಲುಗಲ್ಲದ ಹುಡುಗ. ಚಿಗುರಿದಂದಿನಿಂದ ಅದಕ್ಕೆ ಕತ್ತಿ ತಾಗಿಸಿದವನಲ್ಲ. ಆಳಂದ, ಅಫಜಲಪುರದಲ್ಲಿ ಜನ ಅವನನ್ನು ಗುರುತಿಸುತ್ತಿದ್ದದ್ದೇ ಆ ಮೀಸೆಯಿಂದ.

ಅಂಬಾರಾಯ ಜೇವರ್ಗಿಯಿಂದ ಹೊಸದಾಗಿ ಬಂದವನು. ವಿಠ್ಠಲನನ್ನು ಕಂಡವನಲ್ಲ. ನಾಕಾದವರಿಗೂ ಅವನ ಮುಖದ ಗುರುತಿರಲಿಲ್ಲ.

ದತ್ತಾತ್ರೇಯ ಪೆನ್ಸಿಲ್ ಚೂಪು ಮಾಡಿದ. ಮೊದಲು ಮೀಸೆ ಹೋಯಿತು. ಆಮೇಲೆ ಕೂದಲು. ಪ್ಲೇಟಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಸೀಸ ತುಂಬಿ, ಬೆಳಕು ಎಲ್ಲಿ ಬೀಳಬೇಕೋ ಅಲ್ಲಿ ಬೀಳಿಸಿದ. ಬೆಳಗಾದಾಗ ಸಮುದ್ರದ ಮುಂದೆ ಏಡಿ ಹಿಡಿದು ನಗುತ್ತಿದ್ದವನು ಯಾರೋ ಬೋಳುತಲೆಯ ಬರಿತುಟಿಯವನು. ಇಂಥವನು ಲೋಕದಲ್ಲಿ ಇಲ್ಲ, ಇನ್ನು ಹಿಡಿಯುವುದು ಯಾರನ್ನು! ದತ್ತಾತ್ರೇಯನಿಗೆ ಎಷ್ಟೋ ದಿನಗಳ ಮೇಲೆ ನಗು ಬಂತು.

"ಮೀಸಿ ಅದ ಅಂತಾರಲ್ಲೋ ಮಂದಿ?" ಚಿತ್ರ ನೋಡಿ ಅಂಬಾರಾಯ ಕೇಳಿದ.

"ಅದು ಹಳೇ ಮಾತ್ರಿ. ಉಪ್ಪಿನ ನೀರಿಗೆ ಕಡಿಯಾಕತ್ತೇದಂತ ತೆಗಸ್ಯಾನ್ರಿ. ಹಿಂದ ನೋಡ್ರಿ, ಸಮುದ್ರನ ಅದ."

"ಫೋಟೋ ಸುಳ್ಳ ಹೇಳಂಗಿಲ್ಲ. ಹೌದಲ್ಲೋ?"

"ಹೌದ್ರಿ."

ಊರಿನವರು ಠಾಣೆಯ ಗೋಡೆಯ ಮೇಲಿನ ಚಿತ್ರ ನೋಡಿದರು, ತುಟಿ ಬಿಚ್ಚಲಿಲ್ಲ.

ಮುಂದಿನ ಅಮಾವಾಸ್ಯೆಗೆ ಉಮಾಬಾಯಿ ತೀರಿಕೊಂಡಳು. ಕೊನೆಯ ಉಸಿರಿನಲ್ಲೂ ಕರೆದದ್ದು ವಿಠ್ಠಲನನ್ನೇ. ಬಾಯಿಗೆ ನೀರು ಬಿಟ್ಟವಳು ಪಕ್ಕದ ಮನೆಯ ಅಮೀರುನ್ನಿಸಾ. ಅವಳ ಅಣ್ಣ ಗಡಿಯ ಹಿರೋಳ್ಳಿಗೆ ಬಂಡಿ ಹೊಡೆಯುವವನು.

"ವಿಠ್ಠಲಗ ಹೇಳಿ ಕಳಸೂಣೇನ್ರಿ ಅಣ್ಣಾವ್ರ?" ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬ್ಯಾಡವಾ. ಬಂದ್ರ ಅವನೂ ಸಾಯ್ತಾನ."

"ಹಡದಾಕಿ ಹೋದ್ದು ಮಗಗ ಗೊತ್ತಾಗಬಾರದೇನ್ರಿ?"

ದತ್ತಾತ್ರೇಯ ತಾಯಿಯ ಮುಖದ ಮೇಲೆ ಬಟ್ಟೆ ಎಳೆದ. ಅಮೀರುನ್ನಿಸಾ ಎದ್ದು, ಬಂಡಿ ಕಟ್ಟುತ್ತಿದ್ದ ತನ್ನ ಅಣ್ಣನ ಕಡೆಗೆ ಹೋದಳು. ದತ್ತಾತ್ರೇಯನೊಬ್ಬನೇ ತಾಯಿಗೆ ಬೆಂಕಿ ಕೊಟ್ಟು, ಮಗ ಮಾಡಬೇಕಾದ್ದನ್ನೆಲ್ಲ ಮಾಡಿದ.

ಕರ್ಮ ಇನ್ನೂ ಮುಗಿದಿರಲಿಲ್ಲ, ಠಾಣೆಯಿಂದ ಕರೆ ಬಂತು.

"ಹಿರೋಳ್ಳಿ ನಾಕಾದಾಗ ನಿನ ತಮ್ಮ ಸಿಕ್ಕಾನ," ಎಂದ ಮನೆ ಬಾಗಿಲಿಗೆ ಬಂದ ಪೊಲೀಸಿನವ. "ನಿಲ್ಲಂದ್ರ ಓಡಿದ. ಹೊಡದಾರ. ಬಂದು ಗುರ್ತು ಹಚ್ಚು."

"ನಮ್ಮ ತಮ್ಮಂತ ಹೆಂಗ ಗೊತ್ತಾತ್ರಿ?"

"ನೀ ಕೊಟ್ಟ ಫೋಟೋಕ್ಕ ಹೋಲಿಸಿ ನೋಡ್ಯಾರ. ಡಿಟ್ಟೋ ಅದಾನ."

ದತ್ತಾತ್ರೇಯ ತಲೆಗೆ ಟವೆಲ್ ಸುತ್ತಿಕೊಂಡು ಹೊರಟ. ಸತ್ತವನು ಯಾರೋ ಪಾಪದವನು. ಗೊಬ್ಬೂರಿನವನೋ ಅತನೂರಿನವನೋ, ಬೋಳುತಲೆ ಇದ್ದದ್ದೇ ಅವನ ತಪ್ಪು. ಯಾವ ತಾಯಿಯ ಮಗನನ್ನು ಕೊಂದಿತೋ ತನ್ನ ಪೆನ್ಸಿಲ್ಲು! ಬೇಲಿ ಹಿಡಿದು ನಿಂತ. ಆಮೇಲೆ ಅದಕ್ಕಿಂತ ಹೇಸಿಗೆಯ ಯೋಚನೆಯೊಂದು ಬಂತು. ಹೌದು, ಇವನೇ ನನ್ನ ತಮ್ಮ ಅಂದುಬಿಟ್ಟರೆ? ಹುಡುಕಾಟ ಇಲ್ಲಿಗೆ ನಿಲ್ಲುತ್ತದೆ. ವಿಠ್ಠಲ ಉಳಿಯುತ್ತಾನೆ. ಸತ್ತವನಿಗೆ ತಾನೇ ಬೆಂಕಿ ಕೊಡುತ್ತೇನೆ, ತಮ್ಮನಿಗೆ ಕೊಟ್ಟಂತೆಯೇ.

ಉಳಿದ ದಾರಿಯುದ್ದಕ್ಕೂ ಆ ಸುಳ್ಳನ್ನೇ ಉರು ಹೊಡೆದ.

ಠಾಣೆಯ ಅಂಗಳದಲ್ಲಿ ಅಂಬಾರಾಯ ಹೆಣದ ಮೇಲಿನ ಬಟ್ಟೆ ಸರಿಸಿದ. "ನೋಡಿ ಹೇಳು."

ಹೊಸದಾಗಿ ಬೋಳಿಸಿದ ತಲೆ. ಬರಿಯ ತುಟಿ. ಮೂಗಿನ ಕೆಳಗೆ, ವರ್ಷಗಟ್ಟಲೆ ಬಿಸಿಲು ಕಾಣದ ಬಿಳಿಚಿದ ಪಟ್ಟಿ. ಬೆಳಕು ನೆರಳಿನಲ್ಲೇ ಬಾಳಿದ ದತ್ತಾತ್ರೇಯ ಆ ಪಟ್ಟಿಯನ್ನೇ ನೋಡುತ್ತ ನಿಂತ. ಟವೆಲ್ ಜಾರಿ ಬಿತ್ತು. ಅವನ ತಲೆಯೂ ಹಾಗೆಯೇ ಬೋಳಾಗಿತ್ತು.

"ಹೌದ್ರಿ," ಎಂದ, ಉರು ಹೊಡೆದಿದ್ದ ಅದೇ ಮಾತಿನಲ್ಲಿ. "ಇಂವನ ನನ್ನ ತಮ್ಮ."

ಹಡೆದವಳಿಗಾಗಿ ಕೂದಲು ಮೀಸೆ ತೆಗೆಸಿಕೊಂಡು ಬಂದಿದ್ದ ವಿಠ್ಠಲ, ಅಣ್ಣ ತಿದ್ದಿದ ಚಿತ್ರದಂತೆಯೇ ಆಗಿ ಮಲಗಿದ್ದ.