ಯಮನೂರಪ್ಪನ ಎಕ್ಸ್‌ರೇ

ಇದನ್ನು ಹೇಳುವ ಯೋಗ್ಯತೆ ನನಗಿಲ್ಲ, ಕ್ಷಮಿಸಿ. ತಪ್ಪಿನಲ್ಲಿ ನನ್ನ ಪಾಲೂ ಇದೆ. ಕಲ್ಲು ಕೊಯ್ಯುವ ನಮ್ಮ ಕಾರ್ಖಾನೆಯಲ್ಲಿ ಮೊದಲ ಸಲ ಎಕ್ಸ್‌ರೇ ಶಿಬಿರ ನಡೆದ ದಿನ ಹೆಸರು ಬರೆದುಕೊಳ್ಳುವ ಕೆಲಸ ನನ್ನದಾಗಿತ್ತು. ಆ ವರ್ಷ ಅರ್ಧ ಜನರ ಎಕ್ಸ್‌ರೇ ಪಾಳಿ, ಮುಂದಿನ ವರ್ಷ ಉಳಿದವರದು. ಎದೆಯಲ್ಲಿ ಧೂಳು ಕಂಡವರನ್ನು ಮಾಲೀಕರು ಕೆಲಸದಿಂದ ಬಿಡಿಸುತ್ತಾರೆಂದು ಎಲ್ಲರಿಗೂ ಗೊತ್ತಿತ್ತು.

ಯಮನೂರಪ್ಪ ಆರು ತಿಂಗಳಿಂದ ಕೆಮ್ಮುತ್ತಿದ್ದ. ಅವನ ಹೆಸರು ಕರೆದಾಗ ಎದ್ದು ಬಂದವನು ಅವನ ಜೊತೆಗಾರ ದಾವಲಸಾಬ.

“ನಿನ್ನ ಪಾಳಿ ಮುಂದಿನ ವರ್ಷ ಅಲ್ಲೇನು?” ಎಂದೆ ಮೆಲ್ಲಗೆ.

“ಸುಮ್ನ ಬರಕೋರಿ ಸರ. ಇವನ ಎದಿ ತೋರಿಸಿದ್ರ ನಾಳೆ ಇವನ ಮನ್ಯಾಗ ಒಲಿ ಹತ್ತಂಗಿಲ್ಲ. ನಾ ನೋಡ್ರಿ, ಹದಿನೆಂಟು ವರ್ಷದಾಗ ಒಮ್ಮೆನೂ ಕೆಮ್ಮಿಲ್ಲ.”

“ಕೆಮ್ಮಾಕ ನಿನ್ನ ಬಾಯಿಗೆ ಪುರುಸೊತ್ತರ ಎಲ್ಲೈತಿ, ಹಗಲೆಲ್ಲ ಮಾತ,” ಎಂದ ಯಮನೂರಪ್ಪ, ಕೆಮ್ಮುತ್ತಲೇ.

ನಾನು ತಲೆ ತಗ್ಗಿಸಿ ‘ಯಮನೂರಪ್ಪ’ ಎಂದು ಬರೆದೆ. ದಾವಲಸಾಬ ಅಂಗಿ ಬಿಚ್ಚಿ ಒಳಗೆ ಹೋದ.

ವಾರದ ನಂತರ ಡಾಕ್ಟರು ಆ ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಇಬ್ಬರೂ ಬಾಗಿಲಲ್ಲೇ ನಿಂತಿದ್ದರು.

“ಯಮನೂರಪ್ಪ ಯಾರು? ಎರಡೂ ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಗಟ್ಟಿಯಾಗಿ ಕೂತಿದೆ. ಇವತ್ತಿಂದಲೇ ಕೆಲಸ ಬಿಡಬೇಕು.”

ಯಮನೂರಪ್ಪ ಮುಂದೆ ಹೆಜ್ಜೆ ಇಟ್ಟ. ದಾವಲಸಾಬ ಅವನ ತೋಳು ಹಿಡಿದು ನಿಲ್ಲಿಸಿದ.

“ಆ ಎದಿ ನಂದ್ರೀ,” ಎಂದ.

ಯಮನೂರಪ್ಪ ಆಮೇಲೆಯೂ ಎಕ್ಸ್‌ರೇಗೆ ನಿಲ್ಲಲಿಲ್ಲ. ಅವನ ಎದೆಯಲ್ಲಿ ಏನಿದೆಯೋ ನನಗೆ ಇಂದಿಗೂ ಗೊತ್ತಿಲ್ಲ.