ಬೆರಳ ತುದಿಯ ಅಂಕಿ

ಟೀವಿಯಲ್ಲಿ ದೆವ್ವ ಕಿರುಚಿದಾಗ ಪೂರ್ಣಿಮಾ ತಾನೂ ಚೀರಿ, ಮರುಕ್ಷಣವೇ ಬಿದ್ದುಬಿದ್ದು ನಕ್ಕಳು. ಅವಳ ಬೆರಳಿಗೆ ಸಿಕ್ಕಿಸಿದ್ದ ಆಕ್ಸಿಮೀಟರಿನಲ್ಲಿ ನಾಡಿಬಡಿತ ನೂರಾಹತ್ತಕ್ಕೇರಿ ಎಂಬತ್ತಕ್ಕೆ ಇಳಿಯಿತು. ಮನಶ್ಶಾಸ್ತ್ರ ಓದುತ್ತಿದ್ದ ನಾದಿನಿ ಸಾಕ್ಷಿ ಅದನ್ನು ಬರೆದುಕೊಂಡಳು.

"ನೋಡ್ರಿ ವೈನಿ, ಇದು ಖರೇ ಅಲ್ಲ ಅಂತ ಮೈಗೆ ಗೊತ್ತಿರತೈತಿ. ಅದಕ್ಕ ಅಂಜಿಕಿನೂ ಮಜಾ ಅನಸ್ತೈತಿ."

ಅಷ್ಟರಲ್ಲಿ ಹೊರಗೆ ಬೈಕು ನಿಂತಿತು. ಖಾನಾಪುರಕ್ಕೆ ಹೋಗಿದ್ದ ಸಾಕ್ಷಿಯ ಅಣ್ಣ, ಪೂರ್ಣಿಮಾಳ ಗಂಡ ಓಂಕಾರ ಬೇಗನೇ ಮರಳಿದ್ದ. ಪೂರ್ಣಿಮಾ ಚೀರಲಿಲ್ಲ. ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಅಂಕಿ ನೂರಾನಲವತ್ತು ದಾಟಿತು. ಇಳಿಯಲಿ ಎಂದು ಸಾಕ್ಷಿ ಕಾದಳು. ಇಳಿಯಲಿಲ್ಲ.

"ಟೀವಿ ಬಂದ್ ಮಾಡ ಸಾಕ್ಷಿ, ಲಗೂನ," ಎಂದಳು ಪೂರ್ಣಿಮಾ, ತುಟಿ ಅಲುಗದಂತೆ.

ಅಣ್ಣನ ಹೆಜ್ಜೆಗಳು ಮೆಟ್ಟಿಲೇರತೊಡಗಿದವು. ಸಾಕ್ಷಿ ಟೀವಿ ಆರಿಸಲಿಲ್ಲ. ಎದ್ದು ಹೋಗಿ, ತೆರೆದಿದ್ದ ಬಾಗಿಲನ್ನು ಮುಚ್ಚಿ ಒಳಗಿನಿಂದ ಚಿಲಕ ಹಾಕಿದಳು.