ಗುಮ್ಮನ ಬದಲಿಗೆ

ನೂಲಿಗೆ ಹಚ್ಚುವ ಗಂಜಿಯ ಹುಳಿವಾಸನೆ ಬಂದರೆ, ಅಪ್ಪ ಕಾಲು ಇಳಿಬಿಟ್ಟು ನೇಯುತ್ತಿದ್ದ ಮಗ್ಗದ ಕುಣಿ ಇಂದಿಗೂ ನನ್ನ ಕಣ್ಣೆದುರು ಬರುತ್ತದೆ.

ಸ್ವಾತಂತ್ರ್ಯ ಬಂದ ಮರುವರ್ಷ ಬೆಟಗೇರಿಯ ಅಜ್ಜಿಯರು ಹಟಮಾರಿ ಮಕ್ಕಳನ್ನು ಅಂಜಿಸಲು ಗುಮ್ಮನನ್ನು ಬಿಟ್ಟು ಬಂದೂಕಿನವರನ್ನು ಕರೆಯುತ್ತಿದ್ದರು. ಮುಂಡರಗಿಯಾಚೆಯ ಹೈದರಾಬಾದ್ ಸೀಮೆಯಲ್ಲಿ ಅಂಥ ಬಂದೂಕಿನವರು ಊರಿಗೆ ನುಗ್ಗಿದಾಗ ಓಡಿಬಂದ ಒಬ್ಬ ತಾಯಿ, ಮಗಳು ಆಗ ನಮ್ಮ ಮನೆಯಲ್ಲಿದ್ದರು. ಒಂದು ಮಧ್ಯಾಹ್ನ ಆ ಹುಡುಗಿಯ ಪಕ್ಕ ಕೂತು ನಾನು ರೊಟ್ಟಿ ಒಲ್ಲೆನೆಂದೆ. ಅಜ್ಜಿ ರೂಢಿಯಂತೆ ಬಾಗಿಲ ಕಡೆ ನೋಡಿ, “ಜಲ್ದಿ ಉಣ್ಣಲೇ, ಬಂದೂಕಿನವರು ಬಂದ್ರು,” ಅಂದಳು.

ನಾನು ನಕ್ಕೆ. ಪಕ್ಕಕ್ಕೆ ತಿರುಗಿದರೆ ಹುಡುಗಿ ಇರಲಿಲ್ಲ. ಮಗ್ಗದ ಕುಣಿಯೊಳಗೆ ಮುದುಡಿ, ಬಾಯಿಗೆ ಕೈ ಒತ್ತಿಕೊಂಡಿದ್ದಳು.

ಅಜ್ಜಿ ಬಗ್ಗಿ, “ಯಾರೂ ಬಂದಿಲ್ಲವ್ವಾ, ಸುಮ್ಮನ ಅಂದೆ,” ಎಂದಳು.

ಹುಡುಗಿ ಅಜ್ಜಿಯ ಸೆರಗು ಹಿಡಿದೆಳೆದು ಪಿಸುಗುಟ್ಟಿದಳು: “ಮಾತಾಡಬ್ಯಾಡ ಬೇ ಅಜ್ಜಿ. ನೀನೂ ಬಾ, ಇಲ್ಲಿ ಜಾಗ ಐತಿ.”